ಮಾರಿಕುಪ್ಪಂನಲ್ಲಿ ಡ್ರಾಕುಲಾ

ಬಂಗಾರಪೇಟೆಯಲ್ಲಿ ಮೇನ್ ಲೈನ್ ಬಿಟ್ಟು ಕವಲೊಡೆಯುವ ರೈಲು ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ನಿಂತುಬಿಡುತ್ತೆ. ಅಲ್ಲಿಂದ ಮುಂದೆ ಹಳಿ ಇಲ್ಲ. 1894ರಲ್ಲಿ ಹಾಕಿದ ಲೈನ್ ಇದು. ಚಿನ್ನಕ್ಕೋಸ್ಕರ ಹಾಕಿದ್ದು. ಈಗ ಚಿನ್ನ ಇಲ್ಲ, ಜನ ಇದ್ದಾರೆ. ಬೆಳಕು ಹರಿಯೋ ಮುಂಚೆ ಎದ್ದು, ಬುತ್ತಿ ಕಟ್ಟಿಕೊಂಡು, ಇದೇ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿ, ರಾತ್ರಿ ವಾಪಸ್ ಬರೋ ಜನ.

ಹತ್ತಾರು ವರ್ಷಗಳ ಹಿಂದೆ ನಾನು ಅಲ್ಲಿಗೆ ಹೋಗಿದ್ದು ದೆವ್ವ ಹುಡುಕೋಕೆ. ನಗಬೇಡಿ. ಆಗ ನಾನಿದ್ದ ಚಾನೆಲ್‌ನಲ್ಲಿ ರಾತ್ರಿ ಹತ್ತೂವರೆಗೆ ಒಂದು ಕಾರ್ಯಕ್ರಮ ಬರ್ತಿತ್ತು. ಪಾಳುಬಿದ್ದ ಬಂಗಲೆ, ಹುಣಸೆ ಮರ, ಹಸಿರು ಬಣ್ಣದ ನೈಟ್ ವಿಷನ್ ಕ್ಯಾಮೆರಾ, ಹಿನ್ನೆಲೆಯಲ್ಲಿ ನಾಯಿ ಊಳಿಡೋ ಸದ್ದು. ಮುಚ್ಚಿದ ಗಣಿಯಲ್ಲಿ ರಕ್ತಪಿಶಾಚಿ ಇದೆ ಅಂತ ಒಂದು ಸ್ಪೆಷಲ್ ಮಾಡಿ ಅಂದ್ರು. ಹೋದೆ.

ಲೈನ್ ಮನೆಗಳ ಹತ್ತಿರ ಜಗುಲಿ ಮೇಲೆ ಒಬ್ಬ ಅಜ್ಜ ಕೂತಿದ್ದರು. ಅಂಡರ್‌ಗ್ರೌಂಡ್‌ನಲ್ಲಿ ಡ್ರಿಲ್ ಹಿಡಿದು ಜೀವ ತೇಯ್ದವರು. ಮೈಕ್ ಹಿಡಿದೆ.

'ತಾತಾ, ಇಲ್ಲಿ ರಾತ್ರಿ ಹೊತ್ತು ಏನಾದ್ರೂ ಕಾಣಿಸುತ್ತಾ?'

'ಕರೆಂಟ್ ಹೋದ್ರೆ ಏನೂ ಕಾಣ್ಸಲ್ಲ ಸಾರ್.'

'ಅದಲ್ಲ ತಾತ. ರಕ್ತ ಕುಡಿಯೋ ಪಿಶಾಚಿ ಇದೆ ಅಂತಾರಲ್ಲ...'

ತಾತ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲೋಕೆ ಎರಡು ನಿಮಿಷ ಬೇಕಾಯ್ತು. ಆಮೇಲೆ ಹೇಳಿದರು. 'ರಕ್ತ ನೋಡ್ಬೇಕಾದ್ರೆ ಬೆಳಿಗ್ಗೆ ಬನ್ನಿ ಸಾರ್. ಈ ಲೈನ್‌ನಲ್ಲಿ ಬೆಳಿಗ್ಗೆ ಎದ್ದು ಕೆಮ್ಮಿ ಉಗಿಯೋರು ಇದ್ದಾರೆ. ತೋರಿಸ್ತೀನಿ. ಕುಡಿದೋರು ಯಾರು ಅಂತ ನೀವೇ ಹುಡುಕಿ.'

ಆ ಮಾತು ಪ್ರಸಾರ ಆಗಲಿಲ್ಲ. ಎಡಿಟಿಂಗ್ ಟೇಬಲ್ ಮೇಲೆ ಕತ್ತರಿ ಬಿತ್ತು. ಹಸಿರು ಕ್ಯಾಮೆರಾದಲ್ಲಿ ಹಾರಿದ ಒಂದು ಬಾವಲಿ ಮಾತ್ರ ಮೂರು ಸಲ ಸ್ಲೋ ಮೋಷನ್‌ನಲ್ಲಿ ಹೋಯಿತು. ಅವತ್ತಿನ ತಪ್ಪಿನಲ್ಲಿ ನನ್ನ ಪಾಲೂ ಇದೆ. ಈ ಬರಹ ಆ ತಾತ ಕೊಟ್ಟ ಹೋಂವರ್ಕ್. ಕುಡಿದವರು ಯಾರು? ಹುಡುಕೋಣ ಬನ್ನಿ.

ಮೊದಲು ಯುರೋಪಿಗೆ ಹೋಗೋಣ. ರಕ್ತಪಿಶಾಚಿ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರೋದು ಯಾರು? ಕಪ್ಪು ನಿಲುವಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು, ಕೋರೆಹಲ್ಲು, ಕೋಟೆಯ ಒಡೆಯ. ಅಲ್ವಾ? ಆದರೆ ಮೂಲದಲ್ಲಿ ಅವನು ಹಾಗಿರಲಿಲ್ಲ. 1720-30ರ ಹೊತ್ತಿಗೆ ಆಸ್ಟ್ರಿಯಾದ ಆಡಳಿತದಲ್ಲಿದ್ದ ಸರ್ಬಿಯಾದ ಹಳ್ಳಿಗಳಲ್ಲಿ ಜನ ಸಾಲಾಗಿ ಸಾಯತೊಡಗಿದರು. ಸತ್ತವನೊಬ್ಬ ಎದ್ದು ಬಂದು ಇದ್ದವರ ಜೀವ ಹೀರುತ್ತಿದ್ದಾನೆ ಅಂತ ಗುಲ್ಲೆದ್ದಿತು. ಸಮಾಧಿ ಅಗೆದರು. 1732ರಲ್ಲಿ ಸೈನ್ಯದ ವೈದ್ಯರು ಹೋಗಿ, ನೋಡಿ, ಸಹಿ ಹಾಕಿ ವರದಿ ಕೊಟ್ಟರು. ಆ ವರದಿಯಲ್ಲಿರೋ ಪಿಶಾಚಿ ಒಬ್ಬ ಹಳ್ಳಿಯವನು. ಊದಿಕೊಂಡ ಹೊಟ್ಟೆ, ಕೆಂಪು ಮುಖ. ಕೋಟೆಯೂ ಇಲ್ಲ, ಕುದುರೆಯೂ ಇಲ್ಲ. ಕೊನೆಗೆ 1755ರಲ್ಲಿ ಮಹಾರಾಣಿ ಮರಿಯಾ ತೆರೇಸಾ ತನ್ನ ವೈದ್ಯ ವಾನ್ ಸ್ವೀಟನ್‌ನ ಸಲಹೆ ಕೇಳಿ, ಹೆಣ ಅಗೆಯೋದನ್ನು ನಿಲ್ಲಿಸಿ ಅಂತ ಆಜ್ಞೆ ಹೊರಡಿಸಬೇಕಾಯ್ತು.

ಅಂದ್ರೆ, ಹಳ್ಳಿಯ ಕಥೆಯಲ್ಲಿ ರಕ್ತ ಕುಡಿಯೋನು ಪಕ್ಕದ ಮನೆಯವನು. ನಿನ್ನೆ ಜೊತೆಗೆ ಉಂಡವನು.

ಇವನಿಗೆ ಕೋಟು ಹೊಲಿಸಿ ಶ್ರೀಮಂತನನ್ನಾಗಿ ಮಾಡಿದ್ದು ಸಾಹಿತ್ಯ. 1816ರಲ್ಲಿ ಜಿನೀವಾ ಸರೋವರದ ದಡದಲ್ಲಿ ಮಳೆಗೆ ಸಿಕ್ಕಿ ಮನೆಯೊಳಗೇ ಉಳಿದ ಗೆಳೆಯರು, ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯೋಣ ಅಂತ ಪಂದ್ಯ ಕಟ್ಟಿದರು. ಅಲ್ಲಿಂದಲೇ ಮೇರಿ ಶೆಲ್ಲಿಯ 'ಫ್ರಾಂಕನ್‌ಸ್ಟೈನ್' ಹುಟ್ಟಿದ್ದು. ಕವಿ ಬೈರನ್‌ನ ಜೊತೆಗಿದ್ದ ತರುಣ ವೈದ್ಯ ಪೊಲಿಡೋರಿ ಬರೆದದ್ದು 'ದಿ ವ್ಯಾಂಪೈರ್'. 1819ರಲ್ಲಿ ಅಚ್ಚಾಯ್ತು. ವಿಚಿತ್ರ ನೋಡಿ, ಅಚ್ಚಾಗಿದ್ದು ಬೈರನ್ ಹೆಸರಲ್ಲಿ. ಸೇವಕನಂತಿದ್ದ ವೈದ್ಯ ತನ್ನ ಯಜಮಾನನನ್ನೇ ನೋಡಿಕೊಂಡು ಒಬ್ಬ ರಕ್ತ ಹೀರುವ ಪ್ರಭುವನ್ನು ಕಟ್ಟಿದ. ಆ ಕಥೆಯ ಕೀರ್ತಿಯನ್ನೂ ಯಜಮಾನನ ಹೆಸರೇ ಕುಡಿದುಬಿಟ್ಟಿತು!

ಆಮೇಲೆ 1845ರಿಂದ 47ರವರೆಗೆ ಲಂಡನ್‌ನಲ್ಲಿ ಬಡವರು ಒಂದು ಪೆನ್ನಿ ಕೊಟ್ಟು ಓದುತ್ತಿದ್ದ 'ವಾರ್ನಿ' ಧಾರಾವಾಹಿ ಬಂತು. ನಮ್ಮ ರಾತ್ರಿ ಹತ್ತೂವರೆ ಕಾರ್ಯಕ್ರಮದ ಮುತ್ತಾತ ಅದು. ಪ್ರತಿ ವಾರ ಒಂದು ಕಿರುಚಾಟ. ಆದರೂ ಆ ವಾರ್ನಿಗೆ ತನ್ನ ಬಗ್ಗೆ ತನಗೇ ಹೇಸಿಗೆ. ಕೊನೆಗೆ ಜ್ವಾಲಾಮುಖಿಗೆ ಹಾರಿಕೊಳ್ತಾನೆ. 1872ರಲ್ಲಿ ಐರ್ಲೆಂಡಿನ ಲೆ ಫಾನು ಬರೆದ 'ಕಾರ್ಮಿಲಾ'ದಲ್ಲಿ ಪಿಶಾಚಿ ಹೆಣ್ಣು. ಮನೆಗೆ ಅತಿಥಿಯಾಗಿ ಬರ್ತಾಳೆ, ಗೆಳತಿಯಾಗ್ತಾಳೆ, ಮುದ್ದು ಮಾಡ್ತಾಳೆ. ಅಪಾಯ ಪ್ರೀತಿಯ ರೂಪದಲ್ಲೇ ಒಳಗೆ ಬರುತ್ತೆ.

ಆಮೇಲೆ 1897. ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ'. ಈತನೂ ಐರ್ಲೆಂಡಿನವನು, ಲಂಡನ್‌ನ ಒಂದು ನಾಟಕ ಮಂದಿರದ ಮ್ಯಾನೇಜರ್. ಡ್ರಾಕುಲಾನ ಊರಾದ ಟ್ರಾನ್ಸಿಲ್ವೇನಿಯಾಗೆ ಒಮ್ಮೆಯೂ ಹೋದವನಲ್ಲ. ಪುಸ್ತಕ ನೋಡಿ, ನಕ್ಷೆ ನೋಡಿ ಬರೆದ. ಹಲ್ಲು, ಬಾವಲಿ, ಬೆಳ್ಳುಳ್ಳಿ ಎಲ್ಲರಿಗೂ ಗೊತ್ತು. ಆದರೆ ಕೆಜಿಎಫ್‌ನವರು ಆ ಕಾದಂಬರಿ ಓದಿದರೆ ಕಣ್ಣು ಬೇರೆ ಕಡೆ ಹೋಗುತ್ತೆ. ಡ್ರಾಕುಲಾನ ಕೋಟೆಯ ಒಂದು ಕೋಣೆಯ ಮೂಲೆಯಲ್ಲಿ ಚಿನ್ನದ ರಾಶಿ ಬಿದ್ದಿದೆ. ನಾನಾ ದೇಶಗಳ ನಾಣ್ಯ, ಧೂಳು ಮುಚ್ಚಿಕೊಂಡು. ಮುಂದೆ ಲಂಡನ್‌ನಲ್ಲಿ ಅವನ ಮೇಲೆ ಚಾಕು ಬೀಸಿದಾಗ, ಕೋಟು ಹರಿದು ಅಲ್ಲಿಂದ ಸುರಿಯೋದು ಏನು ಗೊತ್ತಾ? ರಕ್ತ ಅಲ್ಲ ಸ್ವಾಮಿ. ನೋಟಿನ ಕಟ್ಟು ಮತ್ತು ಚಿನ್ನದ ನಾಣ್ಯ!

ಸ್ಟೋಕರ್ ಆ ಸಾಲು ಬರೆಯೋ ಹೊತ್ತಿಗೆ ಲಂಡನ್ ಕಂಪನಿಗಳ ಷೇರು ಪೇಟೆಯಲ್ಲಿ ಕೋಲಾರದ ಚಿನ್ನ ದೊಡ್ಡ ಮಾತು. ನ್ಯೂಜಿಲೆಂಡ್ ಯುದ್ಧದಲ್ಲಿ ಸೈನಿಕನಾಗಿದ್ದ ಲವೆಲ್ ಎಂಬಾತ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದಿದ್ದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂತು. 1902ರ ಜೂನ್ 30ಕ್ಕೆ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟ್ ಕೊಟ್ಟರು. ಬೆಂಗಳೂರಿಗೆ ಬೀದಿ ದೀಪ ಬರೋಕೆ ಮುಂಚೆ ಗಣಿಗೆ ವಿದ್ಯುತ್ ಬಂದಿತ್ತು. ಕಾದಂಬರಿಯಲ್ಲಿ ಟೈಪ್‌ರೈಟರ್, ತಂತಿ, ರೈಲು ವೇಳಾಪಟ್ಟಿ ಎಲ್ಲ ಸೇರಿ ಪಿಶಾಚಿಯನ್ನು ಹಿಡಿಯುತ್ತವೆ. ಇಲ್ಲಿ ತಂತಿ, ರೈಲು, ಯಂತ್ರ ಎಲ್ಲ ಸೇರಿ ಮನುಷ್ಯನನ್ನು ಇನ್ನೂ ಆಳಕ್ಕೆ ಇಳಿಸಿದವು. ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿಲೋಮೀಟರಿಗಿಂತ ಆಳ ಹೋಯಿತು.

ಈಗ ನಮ್ಮ ಕಡೆ ಬನ್ನಿ. ಇಲ್ಲಿ ಒಂದು ತಮಾಷೆ ಇದೆ. 1870ರಲ್ಲಿ ರಿಚರ್ಡ್ ಬರ್ಟನ್ ಅನ್ನೋ ಇಂಗ್ಲಿಷ್ ಸಾಹಸಿ ನಮ್ಮ ಬೇತಾಳನ ಕಥೆಗಳಲ್ಲಿ ಹನ್ನೊಂದನ್ನು ಆರಿಸಿ ಇಂಗ್ಲಿಷಿಗೆ ತಂದ. ಬೇತಾಳ ಅನ್ನೋದಕ್ಕೆ ಅವನು ಬಳಸಿದ ಪದ 'ವ್ಯಾಂಪೈರ್'. ಪುಸ್ತಕದ ಹೆಸರು 'ವಿಕ್ರಮ್ ಅಂಡ್ ದಿ ವ್ಯಾಂಪೈರ್'. ಈ ಬರ್ಟನ್‌ನನ್ನು ಸ್ಟೋಕರ್ ಕಂಡಿದ್ದ. ಮಾತಾಡುವಾಗ ಮೇಲ್ದುಟಿ ಎತ್ತಿ ಬರ್ಟನ್‌ನ ಕೋರೆಹಲ್ಲು ಹೊಳೆದದ್ದನ್ನು ತನ್ನ ನೆನಪಿನ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ ಕೂಡ!

ಆದರೆ ನೀವೇ ಹೇಳಿ, 'ಚಂದಮಾಮ' ಓದಿ ಬೆಳೆದವರು. ನಮ್ಮ ಬೇತಾಳ ಯಾವತ್ತಾದ್ರೂ ಯಾರ ಕುತ್ತಿಗೆಗಾದ್ರೂ ಬಾಯಿ ಹಾಕಿದ್ದುಂಟಾ? ಇಲ್ಲ. ಶಂಕರ್ ಬರೆದ ಆ ಚಿತ್ರ ನೆನಪಿದೆಯಲ್ಲ. ಕತ್ತಿ ಹಿಡಿದ ರಾಜ, ಹೆಗಲ ಮೇಲೆ ಹೆಣ. ಆ ಹೆಣದೊಳಗೆ ಕೂತವನು ಕಥೆ ಹೇಳ್ತಾನೆ, ಕಥೆ ಮುಗಿಸಿ ಪ್ರಶ್ನೆ ಕೇಳ್ತಾನೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಒಡೆಯುತ್ತೆ. ಉತ್ತರ ಹೇಳಿದರೆ ಮತ್ತೆ ಮರಕ್ಕೆ. ಹನ್ನೊಂದನೇ ಶತಮಾನದ ಕಾಶ್ಮೀರದಲ್ಲಿ ಸೋಮದೇವ ತನ್ನ 'ಕಥಾಸರಿತ್ಸಾಗರ'ದಲ್ಲಿ ಇದನ್ನು ಹೇಳಿದ. ಕೊನೆಗೆ ಗುಟ್ಟು ಬಿಡಿಸೋದೂ ಬೇತಾಳನೇ. ನಿನ್ನನ್ನು ಇಲ್ಲಿಗೆ ಕಳಿಸಿದ ಸನ್ಯಾಸಿ ಇದ್ದಾನಲ್ಲ, ಅವನು ನಿನ್ನನ್ನೇ ಬಲಿ ಕೊಡೋಕೆ ಕಾದಿದ್ದಾನೆ ಅಂತ ರಾಜನಿಗೆ ಎಚ್ಚರಿಕೆ ಕೊಟ್ಟು ಉಳಿಸ್ತಾನೆ.

ವ್ಯತ್ಯಾಸ ಗೊತ್ತಾಯ್ತಾ? ಸ್ಟೋಕರ್‌ನ ಕಥೆಯಲ್ಲಿ ಸತ್ತವನು ಇದ್ದವರ ರಕ್ತ ಕೇಳ್ತಾನೆ. ನಮ್ಮ ಕಥೆಯಲ್ಲಿ ಬದುಕಿರೋ ಮನುಷ್ಯನೇ, ಅದೂ ಕಾವಿ ಉಟ್ಟವನು, ರಕ್ತ ಕೇಳ್ತಾನೆ. ಸತ್ತವನು ಸತ್ಯ ಹೇಳ್ತಾನೆ.

ಮಾರಿಕುಪ್ಪಂ ಅನ್ನೋ ಹೆಸರಲ್ಲೇ ಮಾರಿ ಇದ್ದಾಳೆ. ಮಾರಿ ಅಂದ ಕೂಡಲೇ ಕನ್ನಡ ಓದಿದವರಿಗೆ ಜನ್ನ ನೆನಪಾಗಬೇಕು. ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'. ಅಲ್ಲಿ ಚಂಡಮಾರಿ ಅನ್ನೋ ದೇವತೆಗೆ ಮಾರಿದತ್ತ ಅನ್ನೋ ರಾಜ ಇಬ್ಬರು ಎಳೆಯರನ್ನು, ಅಣ್ಣ ತಂಗಿಯನ್ನು, ಬಲಿ ಕೊಡೋಕೆ ಹಿಡಿದು ತರಿಸ್ತಾನೆ. ಅವರು ಹೆದರೋದಿಲ್ಲ. ತಮ್ಮ ಹಿಂದಿನ ಜನ್ಮಗಳ ಕಥೆ ಹೇಳ್ತಾರೆ. ಹಿಂದೆ ರಾಜ ಯಶೋಧರ ತಾಯಿಯ ಒತ್ತಾಯಕ್ಕೆ ದೇವಿಗೆ ಬಲಿ ಕೊಟ್ಟದ್ದು ನಿಜವಾದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನ. ರಕ್ತದ ಒಂದು ಹನಿಯೂ ಬೀಳಲಿಲ್ಲ. ಆದರೂ ತಾಯಿ ಮಗ ಇಬ್ಬರೂ ಜನ್ಮ ಜನ್ಮ ಪ್ರಾಣಿಗಳಾಗಿ ಹುಟ್ಟಿ ಕೊಲೆಯಾದರು. ಯಾಕೆ? ಕೊಲ್ಲಬೇಕು ಅನ್ನೋ ಸಂಕಲ್ಪ ಇತ್ತಲ್ಲ, ಅಷ್ಟೇ ಸಾಕಾಯ್ತು. ಈ ಕಥೆಯನ್ನೇ ಗಿರೀಶ ಕಾರ್ನಾಡರು 1980ರಲ್ಲಿ 'ಹಿಟ್ಟಿನ ಹುಂಜ' ನಾಟಕ ಮಾಡಿದರು.

ಜನ್ನನಿಗೆ ರಕ್ತ ಕುಡಿಯೋ ದೇವಿ ಮುಖ್ಯ ಅಲ್ಲ. ಕತ್ತಿ ಎತ್ತೋ ಕೈ ಮುಖ್ಯ. ಎಂಟು ನೂರು ವರ್ಷದ ಹಿಂದೆ ಒಬ್ಬ ಕನ್ನಡ ಕವಿ, ಮೈಗೆ ರಕ್ತ ಅಂಟಿಲ್ಲ ಅಂದ ಮಾತ್ರಕ್ಕೆ ನೀನು ಕೊಂದಿಲ್ಲ ಅಂತ ಅರ್ಥ ಅಲ್ಲ ಅನ್ನೋದನ್ನ ಕಾವ್ಯದಲ್ಲಿ ತೋರಿಸಿಕೊಟ್ಟ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಇನ್ನೊಬ್ಬಳಿದ್ದಾಳೆ. ಕಾಟೇರಿ. ಗಣಿ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಚಿತ್ತೂರು ಕಡೆಯ ದಲಿತರು, ತಮಿಳು ತೆಲುಗು ಮಾತಾಡೋರು. ತಮಿಳಿನಲ್ಲಿ ಇವತ್ತಿಗೂ ಡ್ರಾಕುಲಾನಂಥವನಿಗೆ ಹೇಳೋ ಪದ 'ರತ್ತ ಕಾಟೇರಿ'. ಬಾಣಂತಿಯರನ್ನ, ಎಳೆ ಮಕ್ಕಳನ್ನ ಕಾಡೋಳು ಅನ್ನೋ ಭಯ. ಅದೇ ಕಾಟೇರಿ ನಮ್ಮ ಹೊಸಕೋಟೆ, ಕೋಲಾರದ ಸೀಮೆಯಲ್ಲಿ ಕಾಟೇರಮ್ಮ. ಕಂಬಳಿಪುರದ ಕಾಟೇರಮ್ಮನ ಗುಡಿಗೆ ಜನ ಬಸ್ಸು ತುಂಬಿಕೊಂಡು ಹೋಗ್ತಾರೆ. ಯುರೋಪಿನವರು ರಕ್ತ ಕುಡಿಯೋನ ಎದೆಗೆ ಗೂಟ ಹೊಡೆದರು. ನಮ್ಮವರು ಅವಳಿಗೆ ಅರಿಶಿನ ಕುಂಕುಮ ಇಟ್ಟು, ಅಮ್ಮಾ ನಮ್ಮನ್ನ ಕಾಯಿ ಅಂದರು. ರಕ್ತಬೀಜಾಸುರನ ಕಥೆಯಲ್ಲೂ ಹಾಗೇ ಅಲ್ವಾ? ನೆಲಕ್ಕೆ ಬಿದ್ದ ಒಂದೊಂದು ಹನಿಗೆ ಒಬ್ಬೊಬ್ಬ ರಾಕ್ಷಸ ಹುಟ್ಟಿದಾಗ ಕಾಳಿ ನಾಲಗೆ ಚಾಚಿ ರಕ್ತ ಕುಡಿದದ್ದು ಲೋಕ ಉಳಿಸೋಕೆ.

ಸರಿ, ಈಗ ತಾತನ ಕೆಮ್ಮಿಗೆ ಬರೋಣ.

1892ರ ಮಾರ್ಚ್‌ನಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಎಕ್ಸೆಟರ್ ಅನ್ನೋ ಊರಲ್ಲಿ ಮರ್ಸಿ ಬ್ರೌನ್ ಅನ್ನೋ ಹತ್ತೊಂಬತ್ತರ ಹುಡುಗಿಯ ಹೆಣ ಹೊರತೆಗೆದರು. ತಾಯಿ, ಅಕ್ಕ ಮೊದಲೇ ಸತ್ತಿದ್ದರು. ಈಗ ಅಣ್ಣ ಸೊರಗುತ್ತಿದ್ದ. ಇವಳೇ ಹೀರ್ತಿದ್ದಾಳೆ ಅಂತ ಜನ ನಂಬಿದರು. ಹೃದಯದಲ್ಲಿ ರಕ್ತ ಕಂಡಿತು. ಸುಟ್ಟು, ಬೂದಿಯನ್ನು ನೀರಿಗೆ ಕಲಸಿ ಆ ಹುಡುಗನಿಗೆ ಕುಡಿಸಿದರು. ಎರಡು ತಿಂಗಳಲ್ಲಿ ಅವನೂ ಹೋದ. ಆ ಮನೆಯನ್ನು ತಿಂದದ್ದು ಕ್ಷಯ. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ ಕಂಡುಹಿಡಿದು ಆಗಲೇ ಹತ್ತು ವರ್ಷ ಆಗಿತ್ತು! ಈ ಭಾಗದ ಪಿಶಾಚಿ ಭಯದ ಬಗ್ಗೆ ಬಂದ ಪತ್ರಿಕಾ ತುಣುಕೊಂದು ಸ್ಟೋಕರ್‌ನ ಟಿಪ್ಪಣಿಗಳಲ್ಲೂ ಸಿಕ್ಕಿದೆ.

ಬಿಳಿಚಿದ ಮುಖ, ಬಾಯಲ್ಲಿ ರಕ್ತ, ದಿನದಿನಕ್ಕೆ ಸವೆಯೋ ಮೈ, ಒಬ್ಬರಾದ ಮೇಲೆ ಒಬ್ಬರು. ಇದು ಪಿಶಾಚಿ ಹಿಡಿದವನ ಲಕ್ಷಣವೂ ಹೌದು, ಕ್ಷಯದ್ದೂ ಹೌದು. ಗಣಿಯ ಕೆಮ್ಮಿನದ್ದೂ ಹೌದು.

ಕೋಲಾರದ ಚಿನ್ನ ಇದ್ದದ್ದು ಬೆಣಚು ಕಲ್ಲಿನೊಳಗೆ. ಆ ಕಲ್ಲಿಗೆ ಡ್ರಿಲ್ ಹಾಕಿದಾಗ, ಸಿಡಿಮದ್ದು ಇಟ್ಟಾಗ ಏಳೋ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣದು. ಮೂಗಿನ ಕೂದಲಿಗೂ ಸಿಗಲ್ಲ. ಸೀದಾ ಪುಪ್ಪುಸಕ್ಕೆ. ಅಲ್ಲಿ ಹೋದದ್ದು ಹೊರಗೆ ಬರಲ್ಲ. ಸುತ್ತಲಿನ ಮೃದುವಾದ ಭಾಗ ಗಾಯವಾಗಿ, ಗಟ್ಟಿಯಾಗಿ, ಉಸಿರಿಗೆ ಜಾಗ ಕಮ್ಮಿ ಆಗ್ತಾ ಹೋಗುತ್ತೆ. ಅದೇ ಸಿಲಿಕೋಸಿಸ್. ಕೆಲಸ ಬಿಟ್ಟ ಮೇಲೂ ಬೆಳೆಯುತ್ತೆ. ವಾಸಿ ಮಾಡೋ ಔಷಧ ಇಲ್ಲ. ಇಂಥ ಪುಪ್ಪುಸಕ್ಕೆ ಕ್ಷಯ ಬೇಗ ಹತ್ತುತ್ತೆ. ಆಮೇಲೆ ಕೆಮ್ಮಿದರೆ ರಕ್ತ. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು 1947ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ ಅಂತ ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಓದ್ತಾರೆ. ಲೆಕ್ಕ ಹಾಕಿ. 1880ಕ್ಕೆ ಟೇಲರ್ ಕಂಪನಿ ಬಂದಿದೆ. ರೋಗಕ್ಕೆ ಪುಸ್ತಕದಲ್ಲಿ ಹೆಸರು ಸಿಗೋಕೆ 67 ವರ್ಷ ಬೇಕಾಯ್ತು. ಅಷ್ಟರೊಳಗೆ ಎಷ್ಟು ಜನ ಬರೀ 'ಕೆಮ್ಮಿ ಸತ್ತರು'?

1867ರಲ್ಲಿ ಕಾರ್ಲ್ ಮಾರ್ಕ್ಸ್ 'ಬಂಡವಾಳ' ಗ್ರಂಥದಲ್ಲಿ ಬಂಡವಾಳವನ್ನು ರಕ್ತಪಿಶಾಚಿಗೆ ಹೋಲಿಸಿದ್ದ. ದುಡಿಯುವವನ ಜೀವ ಹೀರಿ ತಾನು ಬದುಕೋದು ಅಂತ. ಕೆಜಿಎಫ್ ಕಥೆಗೆ ಇದು ಸರಿಯಾಗಿ ಕೂರುತ್ತೆ ಅನಿಸುತ್ತೆ. ಸ್ಟುಡಿಯೋದಲ್ಲಿ ಕೂತು ಮೇಜು ಕುಟ್ಟಿ ಹೇಳೋದೂ ಸುಲಭ. ಕಂಪನಿಯೇ ಡ್ರಾಕುಲಾ, ಮುಗೀತು, ಬ್ರೇಕ್ ತಗೊಳ್ಳೋಣ!

ಆದರೆ ಮುಗಿಯಲ್ಲ. ಡ್ರಾಕುಲಾಗೆ ಒಂದು ಎದೆ ಇರುತ್ತೆ, ಗೂಟ ಹೊಡೆದರೆ ಸಾಯ್ತಾನೆ. ಇಲ್ಲಿ ಯಾರ ಎದೆ? ಬ್ರಿಟಿಷ್ ಕಂಪನಿ ಹೋಯ್ತು, 1956ರಲ್ಲಿ ಮೈಸೂರು ಸರ್ಕಾರ ಗಣಿ ತಗೊಂಡಿತು. ಆಮೇಲೆ ಕೇಂದ್ರದ ಕೈಗೆ ಹೋಯ್ತು. 1972ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಆಯ್ತು. ಬಾವುಟ ಬದಲಾಯ್ತು, ಕಲ್ಲು ಅದೇ. 2001ರ ಫೆಬ್ರವರಿ 28ಕ್ಕೆ ಬಾಗಿಲು ಮುಚ್ಚಿತು. ಆಗ ಆ ಜನ ಖುಷಿ ಪಟ್ಟರಾ? ಇಲ್ಲ, ಅತ್ತರು. ತಾತನೇ ಹೇಳಿದ್ದರು, 'ಗಣಿ ನಮ್ಗೆ ತಾಯಿ ಇದ್ದಂಗೆ ಸಾರ್. ಅನ್ನ ಹಾಕಿದ್ದು ಅದೇ.' ರಕ್ತ ಕುಡಿದದ್ದೂ ಅನ್ನ ಹಾಕಿದ್ದೂ ಒಂದೇ ಬಾಯಿ, ಒಂದೇ ಕೈ. ಇದನ್ನು ಸ್ಟೋಕರ್ ಬರೆಯಲಾರ. ಕಾಟೇರಮ್ಮನಿಗೆ ಕೈ ಮುಗಿಯೋ ಜನಕ್ಕೆ ಇದು ಅರ್ಥ ಆಗುತ್ತೆ.

ಹಾಗಂತ ಆ ಜನ ಬರೀ ಕೈ ಮುಗಿದು ಕೂತವರಲ್ಲ. 1930ರಲ್ಲಿ, ಎಲ್ಲ ಕಾರ್ಮಿಕರ ಬೆರಳಚ್ಚು ತಗೋತೀವಿ ಅಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿ ಹೊರಗೆ ಬಂದರು. ನಾವೇನು ಕಳ್ಳರಾ ಅನ್ನೋದು ಅವರ ಸಿಟ್ಟು. ನಾವು ರಕ್ತ ಕೊಟ್ಟವರು, ಲೆಕ್ಕ ನಮ್ಮದನ್ನೇ ಯಾಕೆ ತಗೋತೀರಿ? ಸಂತ್ರಸ್ತ ಅಂದ್ರೆ ಕುತ್ತಿಗೆ ಒಡ್ಡಿ ಮಲಗಿದವನು ಅನ್ನೋದು ಕಾದಂಬರಿಯ ಕಲ್ಪನೆ.

ಕಾಲ ಬದಲಾದಂತೆ ಲೇಖಕರೂ ಬದಲಾದರು. 1954ರಲ್ಲಿ ರಿಚರ್ಡ್ ಮ್ಯಾಥೆಸನ್ 'ಐ ಆಮ್ ಲೆಜೆಂಡ್'ನಲ್ಲಿ ಪಿಶಾಚಿಯನ್ನು ರೋಗಾಣು ಮಾಡಿದ. 1976ರಲ್ಲಿ ಆನ್ ರೈಸ್ ಪಿಶಾಚಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಅವನ ದುಃಖ ಕೇಳಿದಳು. 2005ರಲ್ಲಿ ಸ್ಟೆಫನಿ ಮೇಯರ್ 'ಟ್ವೈಲೈಟ್'ನಲ್ಲಿ ಅವನನ್ನು ಕಾಲೇಜು ಹುಡುಗಿಯರ ಕನಸಿನ ರಾಜಕುಮಾರ ಮಾಡಿದಳು. ಗಮನಿಸಿದ್ರಾ? ಇನ್ನೂರು ವರ್ಷದಲ್ಲಿ ಟೇಪ್ ರೆಕಾರ್ಡರ್ ಕುಡಿದವನ ಮುಂದೆ ಹೋಯ್ತು. ಕೊಟ್ಟವನ ಮುಂದೆ ಎಷ್ಟು ಸಲ ಹೋಯ್ತು?

ನಾವೂ ಅದನ್ನೇ ಮಾಡಿದ್ದು. 2018ರಲ್ಲಿ ಕೆಜಿಎಫ್ ಹೆಸರಿನ ಸಿನಿಮಾ ದೇಶ ಪೂರ್ತಿ ಓಡಿತು. ಸಂತೋಷ, ಕನ್ನಡದ ಹೆಮ್ಮೆ. ಆದರೆ ಅದರಲ್ಲಿ ಒಬ್ಬ ದುಷ್ಟ, ಒಬ್ಬ ಹೀರೋ, ಸುತ್ತಿಗೆ ಏಟಿಗೆ ನ್ಯಾಯ. ನಿಜವಾದ ಕೆಜಿಎಫ್‌ನಲ್ಲಿ ಅಂಥ ಒಬ್ಬ ದುಷ್ಟ ಇರಲಿಲ್ಲ. ಅಲ್ಲಿದ್ದದ್ದು ಲೆಕ್ಕದ ಪುಸ್ತಕ, ಲಾಭಾಂಶ, ಶಿಫ್ಟ್, ಧೂಳು. ಲಂಡನ್‌ನಲ್ಲಿ ಕೂತು ಷೇರಿನ ಲಾಭ ಎಣಿಸಿದ ಸಜ್ಜನ ಯಾರನ್ನೂ ಕೊಲ್ಲಬೇಕು ಅಂದುಕೊಂಡಿರಲಿಲ್ಲ. ಮದುವೆಗೆ ಕೋಲಾರದ ಚಿನ್ನ ಕೊಂಡ ನಮ್ಮ ಅಜ್ಜಿಯರೂ ಅಂದುಕೊಂಡಿರಲಿಲ್ಲ. ಜನ್ನನ ಯಶೋಧರನದ್ದು ಸಂಕಲ್ಪದ ಪಾಪ, ಅಲ್ಲಿ ರಕ್ತ ಇರಲಿಲ್ಲ. ಇಲ್ಲಿ ತಿರುಗಾ ಮುರುಗಾ. ಸಂಕಲ್ಪ ಯಾರದ್ದೂ ಇಲ್ಲ, ರಕ್ತ ಮಾತ್ರ ನಿಜ. ಹಿಟ್ಟಿನ ಕೋಳಿ ಅಂತ ತಿಳಿದು ನಾವೆಲ್ಲ ಕತ್ತಿ ಆಡಿಸಿದೆವು. ಒಳಗೆ ಜೀವ ಇತ್ತು.

ತಾತನ ಪ್ರಶ್ನೆಗೆ ನನ್ನ ಉತ್ತರ ಇದು. ಕುಡಿದವನು ಒಬ್ಬನಲ್ಲ ತಾತ, ಲೋಟ ಕೈಯಿಂದ ಕೈಗೆ ದಾಟಿದೆ. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಆ ನೆಲದಿಂದ ಹೊರಗೆ ಹೋಯ್ತು. ಅದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಒಂದೊಂದು ಗುಟುಕು ಇದೆ.

ಸ್ಟೋಕರ್ ಪಿಶಾಚಿಗೆ ಒಂದು ನಿಯಮ ಹಾಕಿದ್ದ. ಮನೆಯವರು ಯಾರಾದರೂ ಕರೆಯದೆ ಅದು ಹೊಸ್ತಿಲು ದಾಟುವಂತಿಲ್ಲ. ನಮ್ಮಲ್ಲೂ 90ರ ದಶಕದಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದು ದೆವ್ವವನ್ನು ವಾಪಸ್ ಕಳಿಸ್ತಿದ್ದೆವು, ನೆನಪಿದೆಯಲ್ಲ? ಕೆಜಿಎಫ್‌ನ ಸೈನೈಡ್ ಗುಡ್ಡಗಳಿಂದ ಬೇಸಿಗೆ ಗಾಳಿಗೆ ಏಳೋ ಧೂಳಿಗೆ ಆ ನಿಯಮ ಗೊತ್ತಿಲ್ಲ. ಅದು ಕರೆಯದೆಯೂ ಒಳಗೆ ಬರುತ್ತೆ. ಗಣಿಗೆ ಇಳಿಯದ ಮಕ್ಕಳ ಅನ್ನದ ತಟ್ಟೆ ಮೇಲೂ ಕೂರುತ್ತೆ. 'ನಾಳೆ ಬಾ' ಅಂದರೆ ನಾಳೆಯೂ ಬರುತ್ತೆ. ಆ ಮಾತನ್ನು ನಿಜವಾಗಿ ಕೇಳಿಸಿಕೊಂಡು ವಾಪಸ್ ಹೋದವರು ಕೆಮ್ಮಿನ ಚೀಟಿ, ಎಕ್ಸ್‌ರೇ ಹಿಡಿದು ಕಚೇರಿ ಕಚೇರಿ ಅಲೆದ ಹಳೇ ಕಾರ್ಮಿಕರು ಮಾತ್ರ.

ಮೊನ್ನೆ ಮತ್ತೆ ಆ ರೈಲು ಹತ್ತಿದ್ದೆ. ಮೈಕ್ ಇಲ್ಲದೆ. ಆ ಜಗುಲಿ ಇತ್ತು, ತಾತ ಇರಲಿಲ್ಲ. ಒಳಗಿಂದ ಬಂದ ಹೆಣ್ಣುಮಗಳು, ಮಾವ ಹೋಗಿ ಆಗಲೇ ಐದು ವರ್ಷ ಆಯ್ತಣ್ಣಾ ಅಂದಳು. ಏನಾಗಿತ್ತು ಅಂತ ಕೇಳಿದೆ.

'ಏನಿಲ್ಲಣ್ಣಾ, ಕೆಮ್ಮು' ಅಂದಳು.

ಬೇತಾಳನ ಕಥೆಯಲ್ಲಿ ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನಿಗೆ ಏನಾಗುತ್ತೆ ಅಂತ ಮೇಲೆ ಹೇಳಿದ್ದೀನಿ. ಅದಕ್ಕೇ ಇದನ್ನ ಬರೆದೆ.